ಕ್ವಾಂಟಂ ಕಂಪ್ಯೂಟರ್: ಲೆಕ್ಕಕ್ಕೊಂದು ಅಯಾನು, ತಂಪಿಗೊಂದು ಅಯಾನು

ಕ್ವಾಂಟಂ ಕಂಪ್ಯೂಟರ್ ಕುರಿತ ಸುದ್ದಿಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಕ್ಯೂಬಿಟ್‌ಗಳ ಸಂಖ್ಯೆ. ಕ್ವಾಂಟಿನ್ಯೂಅಂ ಕಂಪನಿ 2025ರ ನವೆಂಬರ್‌ನಲ್ಲಿ 'ಹೀಲಿಯೋಸ್' ಯಂತ್ರವನ್ನು ಬಿಡುಗಡೆ ಮಾಡಿದಾಗಲೂ 98 ಎಂಬ ಅಂಕಿಗೇ ಪ್ರಚಾರ ದೊರೆಯಿತು. ಆದರೆ ಆ ಯಂತ್ರದಲ್ಲಿ ಎಣಿಕೆಗೆ ಸೇರದ ಇನ್ನೊಂದು ಜಾತಿಯ ಅಯಾನುಗಳೂ ಇವೆ. ಲೆಕ್ಕ ಮಾಡುವುದು ಬೇರಿಯಂ. ಅದನ್ನು ತಂಪಾಗಿಡುವುದು ಇಟರ್ಬಿಯಂ. ಈ ಜೋಡಿ ಏಕೆ ಬೇಕಾಯಿತು ಎಂಬುದರಲ್ಲೇ ಈ ತಂತ್ರಜ್ಞಾನದ ನಿಜವಾದ ಸವಾಲು ಅಡಗಿದೆ.

ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುವನ್ನು ನಿರ್ವಾತದಲ್ಲಿ ವಿದ್ಯುತ್ ಕ್ಷೇತ್ರದಿಂದ ತೇಲಿಸಿ ಹಿಡಿದು, ಲೇಸರ್‌ನಿಂದ ಅದರ ಸ್ಥಿತಿಯನ್ನು ಬದಲಿಸುವುದೇ ಇಲ್ಲಿನ ಗಣನೆ. ಅಯಾನನ್ನು ಅತ್ತಿತ್ತ ಸಾಗಿಸುವಾಗ ಅದು ಅಲುಗಾಡಿ ಬಿಸಿಯಾಗುತ್ತದೆ. ಬಿಸಿಯಾದಷ್ಟೂ ತಪ್ಪುಗಳು ಹೆಚ್ಚುತ್ತವೆ. ತಂಪಾಗಿಸಲು ಅದರ ಮೇಲೆಯೇ ಲೇಸರ್ ಹಾಯಿಸಿದರೆ ಒಳಗಿನ ಮಾಹಿತಿ ಅಳಿಸಿಹೋಗುತ್ತದೆ.

ಪಕ್ಕದಲ್ಲಿ ಬೇರೆ ಜಾತಿಯ ಅಯಾನನ್ನು ಇರಿಸುವುದೇ ಇದಕ್ಕೆ ಕಂಡುಕೊಂಡ ಪರಿಹಾರ. ಪ್ರತಿ ಧಾತುವೂ ತನ್ನದೇ ಬಣ್ಣದ ಬೆಳಕಿಗೆ ಮಾತ್ರ ಸ್ಪಂದಿಸುವುದರಿಂದ ಒಂದರ ಲೇಸರ್ ಇನ್ನೊಂದನ್ನು ಕೆಡಿಸದು. ವಿದ್ಯುದಾವೇಶದ ವಿಕರ್ಷಣೆಯಿಂದ ಎರಡರ ಚಲನೆಯೂ ಬೆಸೆದುಕೊಂಡಿರುವ ಕಾರಣ, ಒಂದನ್ನು ತಂಪಾಗಿಸಿದರೆ ಇನ್ನೊಂದೂ ತಣಿಯುತ್ತದೆ.

ಈ ವಿಚಾರ ಹೊಸದಲ್ಲ. ಅಮೆರಿಕದ ಬೌಲ್ಡರ್‌ನಲ್ಲಿರುವ ರಾಷ್ಟ್ರೀಯ ಮಾನಕ ಸಂಸ್ಥೆಯ ವಿಜ್ಞಾನಿಗಳು 2005ರಲ್ಲೇ ಅಲ್ಯುಮಿನಿಯಂ ಅಯಾನಿನ ಸ್ಥಿತಿಯನ್ನು ಬೆರಿಲಿಯಂ ಮೂಲಕ ಓದಿದ್ದರು. 2015ರಲ್ಲಿ ಅದೇ ಸಂಸ್ಥೆ ಬೆರಿಲಿಯಂ ಮತ್ತು ಮೆಗ್ನೀಷಿಯಂ ಅಯಾನುಗಳನ್ನು ಕ್ವಾಂಟಂ ನಂಟಿನಿಂದ ಬೆಸೆಯಿತು. ಅದೇ ವರ್ಷ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ತಂಡ ಕ್ಯಾಲ್ಸಿಯಂನ ಎರಡು ಐಸೊಟೋಪ್‌ಗಳೊಂದಿಗೆ ಇದನ್ನು ಸಾಧಿಸಿತು.

ಆದರೆ ಈ ಅನುಕೂಲಕ್ಕೆ ಬೆಲೆಯೂ ಇದೆ. ಎರಡು ಬಗೆಯ ಲೇಸರ್‌ಗಳು ಬೇಕು. ತೂಕದ ಅಂತರ ಹೆಚ್ಚಿದಂತೆ ಚಲನೆಯ ಬೆಸುಗೆ ಸಡಿಲವಾಗುತ್ತದೆ. ಲೆಕ್ಕಕ್ಕಿಂತ ಸಾಗಾಟ ಮತ್ತು ತಂಪಾಗಿಸುವ ಕೆಲಸಗಳೇ ಹೆಚ್ಚು ಸಮಯ ನುಂಗುವುದೂ ಉಂಟು. ಕ್ವಾಂಟಿನ್ಯೂಅಂನ ಹಿಂದಿನ ಯಂತ್ರಗಳಲ್ಲಿ ಇಟರ್ಬಿಯಂ ಲೆಕ್ಕ ಮಾಡುತ್ತಿತ್ತು, ಬೇರಿಯಂ ತಂಪು ನೀಡುತ್ತಿತ್ತು. ಹೀಲಿಯೋಸ್‌ನಲ್ಲಿ ಪಾತ್ರಗಳು ಅದಲುಬದಲಾಗಿವೆ. ಇಟರ್ಬಿಯಂಗೆ ಅತಿನೇರಳೆ ಬೆಳಕು ಬೇಕು. ಬೇರಿಯಂ ಕಣ್ಣಿಗೆ ಕಾಣುವ ಬೆಳಕಿಗೇ ಸ್ಪಂದಿಸುವುದರಿಂದ ಅದಕ್ಕೆ ಲೇಸರ್ ಹೊಂದಿಸುವುದು ಸುಲಭ. ಎರಡು ಕ್ಯೂಬಿಟ್‌ಗಳ ಕ್ರಿಯೆಯಲ್ಲಿ ಶೇ 99.92ರಷ್ಟು ನಿಖರತೆ ಸಾಧಿಸಿರುವುದಾಗಿ ಕಂಪನಿ ಹೇಳಿಕೊಂಡಿದೆ. ಅಂದರೆ ಸಾವಿರಕ್ಕೆ ಹೆಚ್ಚುಕಡಿಮೆ ಒಂದು ತಪ್ಪು.

ಭಾರತಕ್ಕೂ ಇದರಲ್ಲಿ ಪಾಠವಿದೆ. ಕೇಂದ್ರ ಸಂಪುಟ 2023ರ ಏಪ್ರಿಲ್‌ನಲ್ಲಿ ಅನುಮೋದಿಸಿದ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಂ ಮಿಷನ್, ಎಂಟು ವರ್ಷಗಳಲ್ಲಿ 50ರಿಂದ 1,000 ಕ್ಯೂಬಿಟ್‌ಗಳ ಯಂತ್ರಗಳ ಗುರಿ ಹಾಕಿಕೊಂಡಿದೆ. ಇದರ ಗಣನೆ ವಿಭಾಗದ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಮಾರ್ಗ ಯಾವುದೇ ಇರಲಿ, ಮುಂದೆ ಆ ಯಂತ್ರಗಳ ಘೋಷಣೆಯಾದಾಗ ಕ್ಯೂಬಿಟ್ ಎಷ್ಟು ಎಂಬ ಪ್ರಶ್ನೆಯ ಬೆನ್ನಿಗೇ ತಪ್ಪುಗಳೆಷ್ಟು ಎಂಬ ಪ್ರಶ್ನೆಯನ್ನೂ ಕೇಳಬೇಕಾಗುತ್ತದೆ. ಸಾರ್ವಜನಿಕ ಹಣಕ್ಕೆ ಸಿಕ್ಕ ಪ್ರತಿಫಲವನ್ನು ಅಳೆಯಲು ಮೊದಲ ಅಂಕಿಯೊಂದೇ ಸಾಲದು.