ಪ್ರತಿಧ್ವನಿಯ ಲೆಕ್ಕ ಬೆಳಕಿಗೂ ಸಲ್ಲುತ್ತದೆ

ಅಭ್ಯಾಸ ಬೋಧನೆಗೆಂದು ದಾವಣಗೆರೆಯಿಂದ ಹರಿಹರಕ್ಕೆ ದಿನವೂ ಬಸ್ಸಿನಲ್ಲಿ ಹೋಗುತ್ತಿದ್ದೆ. ಅಂದು ಹತ್ತನೇ ತರಗತಿಗೆ ಬೆಳಕಿನ ಪಾಠ. ನಿರ್ವಾತದಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಎಂದು ಕಪ್ಪುಹಲಗೆಯ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. “ಸರ್, ಹೈವೇಲಿ ಪೊಲೀಸ್ರು ಲೇಸರ್ ಗನ್ ಹಿಡ್ಕಂಡು ನಿಂತಿರ್ತಾರಲ್ಲ, ಗಾಡಿ ಮುಟ್ಟದಂಗೆ ಸ್ಪೀಡ್ ಹೆಂಗೆ ಗೊತ್ತಾಗುತ್ತೆ?” ಅವನ ತಂದೆ ಲಾರಿ ಚಾಲಕರು.

“ಆಮೇಲೆ ಹೇಳ್ತೀನಿ, ಕೂತ್ಕೊ” ಎಂದೆ. ನಿಜ ಹೇಳಬೇಕೆಂದರೆ ನನಗೇ ಉತ್ತರ ಗೊತ್ತಿರಲಿಲ್ಲ. ಲೇಸರ್ ಹೇಗೆ ಹುಟ್ಟುತ್ತದೆ ಎಂದು ಬಿಎಸ್‌ಸಿ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವನು ನಾನು. ಅಂದಿನ ವೀಕ್ಷಣಾ ಹಾಳೆಯಲ್ಲಿ ‘ಸಮಯ ಪಾಲನೆ ಉತ್ತಮ’ ಎಂಬ ಷರಾ ಬಂತು. ಓದಿ ಸಂತೋಷವಾಗಲಿಲ್ಲ.

ಹುಡುಕಿದರೆ ಉತ್ತರ ಒಂಬತ್ತನೇ ತರಗತಿಯ ‘ಶಬ್ದ’ ಪಾಠದಲ್ಲೇ ಇತ್ತು. ಶಬ್ದ ಗೋಡೆಗೆ ಬಡಿದು ಮರಳಲು ಹಿಡಿದ ಕಾಲವನ್ನು ವೇಗದಿಂದ ಗುಣಿಸಿ, ಎರಡರಿಂದ ಭಾಗಿಸಿದರೆ ಗೋಡೆಯ ದೂರ ಸಿಗುತ್ತದೆ. ಶಬ್ದದ ಜಾಗದಲ್ಲಿ ಬೆಳಕನ್ನಿಡಿ, ಅದೇ ಲೇಸರ್ ಅಳತೆ. ಟಾರ್ಚಿನ ಬೆಳಕು ಬೇಗ ಹರಡಿಹೋಗುತ್ತದೆ. ಲೇಸರ್ ಕಿರಣ ದೂರದವರೆಗೂ ಕಿರಿದಾಗಿಯೇ ಸಾಗುತ್ತದೆ, ಅದನ್ನು ಅತಿ ಚಿಕ್ಕ ಮಿಡಿತಗಳಾಗಿಯೂ ಬಿಡಬಹುದು. 100 ಮೀಟರ್ ದೂರದ ಲಾರಿಗೆ ಬಡಿದು ಮರಳಲು ಒಂದು ಮಿಡಿತಕ್ಕೆ ಬೇಕಾಗುವುದು ಮೈಕ್ರೋಸೆಕೆಂಡಿನ ಮೂರನೇ ಎರಡು ಭಾಗ. ಒಂದರ ಹಿಂದೊಂದು ಮಿಡಿತ ಕಳಿಸಿ ದೂರ ಅಳೆಯುತ್ತಾ ಹೋದರೆ, 0.3 ಸೆಕೆಂಡಿನಲ್ಲಿ 100 ಮೀಟರ್ 94 ಆಯಿತೆನ್ನಿ. ಅಂದರೆ ವೇಗ ಸೆಕೆಂಡಿಗೆ 20 ಮೀಟರ್, ಗಂಟೆಗೆ 72 ಕಿ.ಮೀ.

ಇದೇ ಲೆಕ್ಕ ಚಂದ್ರನಲ್ಲೂ ನಡೆಯುತ್ತದೆ. 2008ರ ಚಂದ್ರಯಾನ-1ರಲ್ಲಿ ಚಂದ್ರನ ನೆಲದ ಏರುತಗ್ಗು ಅಳೆದ ಲೇಸರ್ ಉಪಕರಣ ಬೆಂಗಳೂರಿನ ಇಸ್ರೋ ಪ್ರಯೋಗಾಲಯದಲ್ಲಿ ತಯಾರಾದದ್ದು. ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಮೇಲೆ ನಾಸಾದ ಪುಟ್ಟ ಪ್ರತಿಫಲಕವೊಂದಿದೆ. ಅದರ ಅಗಲ 5 ಸೆಂ.ಮೀ., ಅದರಲ್ಲಿ ಎಂಟು ಅಶ್ರಗಗಳಿವೆ. 2023ರ ಡಿಸೆಂಬರ್ 12ರಂದು ನಾಸಾದ ನೌಕೆ 100 ಕಿ.ಮೀ. ದೂರದಿಂದ ಅದರತ್ತ ಲೇಸರ್ ಬಿಟ್ಟು, ಮರಳಿದ ಬೆಳಕನ್ನು ಹಿಡಿಯಿತು. ಮೀಟರ್ ಹೋಗಿ ಕಿಲೋಮೀಟರ್ ಆಯಿತು, ಮೈಕ್ರೋಸೆಕೆಂಡ್ ಹೋಗಿ ಮಿಲಿಸೆಕೆಂಡ್ ಆಯಿತು. ಸೂತ್ರ ಬದಲಾಗಲಿಲ್ಲ.

ನನ್ನ ಅಭಿಪ್ರಾಯ ಇಷ್ಟೇ. ಬೆಳಕಿನ ವೇಗವನ್ನು ನಾವು ಬಾಯಿಪಾಠದ ಅಂಕಿಯಾಗಿ ಕೊಡುತ್ತಿದ್ದೇವೆ, ಅಳತೆಗೋಲಾಗಿ ಕೊಡಬೇಕು. ಒಂಬತ್ತರ ಪ್ರತಿಧ್ವನಿಯನ್ನು ಹತ್ತರ ಬೆಳಕಿಗೆ ಜೋಡಿಸುವ ಒಂದು ಸಾಲು ಪಾಠ ಯೋಜನೆಯ ‘ಪೂರ್ವಜ್ಞಾನ’ ಭಾಗದಲ್ಲಿ ಇರಲಿ. ಖರ್ಚಿನ ಉಪಕರಣವೇನೂ ಬೇಡ. ಮೂರು ಚಿಕ್ಕ ಕನ್ನಡಿಗಳನ್ನು ಡಬ್ಬದ ಮೂಲೆಯಂತೆ ಒಂದಕ್ಕೊಂದು ಲಂಬವಾಗಿ ಜೋಡಿಸಿ ಟಾರ್ಚ್ ಬಿಟ್ಟರೆ, ಬೆಳಕು ಬಂದ ದಿಕ್ಕಿಗೇ ಮರಳುವುದು ಕಾಣುತ್ತದೆ. ಸೈಕಲ್ಲಿನ ಹಿಂದಿರುವ ಕೆಂಪು ರಿಫ್ಲೆಕ್ಟರ್, ವಿಕ್ರಮ್ ಮೇಲಿನ ಪ್ರತಿಫಲಕ, ಎರಡರ ಗುಟ್ಟೂ ಇದೇ. ಲೇಸರ್ ಪಾಯಿಂಟರ್ ಮಾತ್ರ ಮಕ್ಕಳ ಕೈಗೆ ಕೊಡಬಾರದು, ಕಣ್ಣಿಗೆ ಅಪಾಯ.

ಪಠ್ಯ ಮುಗಿಸುವುದು ಯಾವಾಗ ಎಂದು ಯಾರಾದರೂ ಕೇಳಬಹುದು. ನಲವತ್ತು ನಿಮಿಷದ ಒತ್ತಡ ನನಗೂ ಗೊತ್ತು. ಆದರೆ ಮರುದಿನ ಆ ಲೆಕ್ಕಕ್ಕೆ ನಾನು ತೆಗೆದುಕೊಂಡದ್ದು ಐದೇ ನಿಮಿಷ. ವೀಕ್ಷಕರಾಗಿ ಬರುವ ಗುರುಗಳಲ್ಲಿ ಒಂದು ವಿನಂತಿ: ಮಕ್ಕಳ ಪ್ರಶ್ನೆಗೆ ಕೊಟ್ಟ ಆ ಐದು ನಿಮಿಷಕ್ಕೂ ನಿಮ್ಮ ಹಾಳೆಯಲ್ಲಿ ಒಂದು ಕಲಂ ಇರಲಿ.

ಲೆಕ್ಕ ಮುಗಿದ ಮೇಲೆ ಅದೇ ಹುಡುಗ ಮತ್ತೆ ಎದ್ದ. “ಜೋರು ಮಳೆ ಬಂದ್ರೆ ಸರ್?” ಈ ಸಲ ಕೂರು ಎನ್ನಲಿಲ್ಲ. “ಪೂರ್ತಿ ಗೊತ್ತಿಲ್ಲಪ್ಪ, ಹನಿಗೆ ಬಡಿದ ಬೆಳಕು ಎಲ್ಲಿಗೆ ಹೋಗುತ್ತೆ ಅಂತ ನೀನೂ ಯೋಚಿಸು, ನಾನೂ ಹುಡುಕ್ತೀನಿ” ಎಂದೆ.