ಇಂಟೆಲ್ ಎಡವಿದ್ದು ಸೋಮಾರಿತನದಿಂದಲೇ?

ಲ್ಯಾಪ್‌ಟಾಪ್ ಮೇಲಿನ 'ಇಂಟೆಲ್ ಇನ್‌ಸೈಡ್' ಸ್ಟಿಕ್ಕರ್ ನೋಡಿಕೊಂಡೇ ಬೆಳೆದ ನಮಗೆ 2024 ವಿಚಿತ್ರ ವರ್ಷ. ಆಗಸ್ಟ್‌ನಲ್ಲಿ ಇಂಟೆಲ್ ಸುಮಾರು 15,000 ಮಂದಿಯನ್ನು ಕೆಲಸದಿಂದ ತೆಗೆಯುವುದಾಗಿ ಹೇಳಿತು. ನವೆಂಬರ್‌ನಲ್ಲಿ ಅಮೆರಿಕದ ಡೌ ಜೋನ್ಸ್ ಸೂಚ್ಯಂಕದಲ್ಲಿ ಅದರ ಜಾಗಕ್ಕೆ ಎನ್‌ವಿಡಿಯಾ ಬಂದು ಕೂತಿತು. ವರ್ಷದ ಲೆಕ್ಕ ಮುಗಿಸುವಾಗ ನಷ್ಟ 1,800 ಕೋಟಿ ಡಾಲರ್ ದಾಟಿತ್ತು.

ನಮ್ಮ ಹಾಸ್ಟೆಲ್‌ನಲ್ಲಿ ಇದಕ್ಕೆ ಎಲ್ಲರದ್ದೂ ಒಂದೇ ಉತ್ತರ: ಸೊಕ್ಕು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಅನ್ನೋ ಗಾದೆ. ಅರ್ಧ ನಿಜ. ಸಾಮಾನ್ಯ ಡೆಸ್ಕ್‌ಟಾಪ್‌ಗಳಿಗೆ ಹತ್ತು ವರ್ಷ ನಾಲ್ಕೇ ಕೋರ್ ಕೊಟ್ಟು, 2017ರಲ್ಲಿ ಎಎಂಡಿಯ ರೈಜೆನ್ ಎಂಟು ಕೋರ್ ಹೊತ್ತು ಬಂದ ಮೇಲಷ್ಟೇ ಆರಕ್ಕೆ ಏರಿದ್ದು ಇಂಟೆಲ್ಲೇ. ಐಫೋನ್‌ಗೆ ಚಿಪ್ ಮಾಡಿಕೊಡುವ ಅವಕಾಶವನ್ನು ಲಾಭ ಗಿಟ್ಟದೆಂದು ಕೈಬಿಟ್ಟದ್ದನ್ನು ಆಗಿನ ಸಿಇಒ ಪಾಲ್ ಒಟೆಲಿನಿ ತಾವೇ ಹೇಳಿಕೊಂಡಿದ್ದಾರೆ.

ಎಂಜಿನಿಯರಿಂಗ್ ಓದುವ ನನಗೆ ಇನ್ನರ್ಧವೇ ಮುಖ್ಯ. ಅಲ್ಲಿದ್ದದ್ದು ಸೋಮಾರಿತನವಲ್ಲ, ಅತಿಯಾಸೆ. 10 ನ್ಯಾನೊಮೀಟರ್ ತಂತ್ರಜ್ಞಾನದಲ್ಲಿ ಒಂದೇ ನೆಗೆತಕ್ಕೆ ಅಷ್ಟೇ ಜಾಗದಲ್ಲಿ ಎರಡೂವರೆ ಪಟ್ಟಿಗೂ ಹೆಚ್ಚು ಟ್ರಾನ್ಸಿಸ್ಟರ್ ತುಂಬಲು ಹೊರಟರು. ಅಷ್ಟು ಸೂಕ್ಷ್ಮ ಗೆರೆ ಮೂಡಿಸಬಲ್ಲ ಇಯುವಿ ಬೆಳಕಿನ ಯಂತ್ರ ಆಗಿನ್ನೂ ಪಳಗಿರಲಿಲ್ಲ. ಹಾಗಾಗಿ ಹಳೆಯ ಯಂತ್ರದಲ್ಲೇ ಒಂದೇ ಪದರವನ್ನು ಹಲವು ಸಲ ಮುದ್ರಿಸಿದರು. ರಂಗೋಲಿಯ ಎಳೆಗಳ ನಡುವೆ ಮತ್ತೆ ಎಳೆ ಎಳೆದಂತೆ. ಕೆಲವೇ ನ್ಯಾನೊಮೀಟರ್ ಸರಿದರೂ ಚಿಪ್ ಕಸದ ಬುಟ್ಟಿಗೆ. 2016ರ ಸುಮಾರಿಗೆ ಬರಬೇಕಿದ್ದದ್ದು ದೊಡ್ಡ ಪ್ರಮಾಣದಲ್ಲಿ ಬಂದದ್ದು 2019ರಲ್ಲಿ.

ತಮಾಷೆ ನೋಡಿ: ಇಯುವಿ ಯಂತ್ರ ತಯಾರಿಸುವ ನೆದರ್ಲೆಂಡ್ಸ್‌ನ ಎಎಸ್‌ಎಂಎಲ್ ಕಂಪನಿಗೆ 2012ರಲ್ಲೇ ಹಣ ಹಾಕಿದ್ದು ಇದೇ ಇಂಟೆಲ್. ಆ ಬೆಳಕಿನಲ್ಲಿ ಮಾಡಿದ ಅದರ ಮೊದಲ ಲ್ಯಾಪ್‌ಟಾಪ್ ಚಿಪ್ ಮಾರುಕಟ್ಟೆಗೆ ಬಂದದ್ದು 2023ರ ಡಿಸೆಂಬರ್‌ನಲ್ಲಿ! ತೈವಾನಿನ ಟಿಎಸ್‌ಎಂಸಿ 2019ರಿಂದಲೇ ಅದನ್ನು ಬಳಸುತ್ತಿತ್ತು. ಟಿಎಸ್‌ಎಂಸಿ ಊರಿಗೆಲ್ಲ ಹಿಟ್ಟು ಬೀಸಿಕೊಡುವ ಗಿರಣಿಯಿದ್ದಂತೆ. ಆಪಲ್, ಎಎಂಡಿ, ಎನ್‌ವಿಡಿಯಾ ಎಲ್ಲರ ಚಿಪ್ಪೂ ಅಲ್ಲೇ. ಕೋಟಿಗಟ್ಟಲೆ ಫೋನ್ ಚಿಪ್ ಮಾಡಿ ಮಾಡಿ ಅದರ ಕೈ ಕುದುರಿತು. ಇಂಟೆಲ್ ಬಹುಪಾಲು ತನ್ನ ಮನೆಯ ಹಿಟ್ಟನ್ನಷ್ಟೇ ಬೀಸುತ್ತಿತ್ತು. ಐಫೋನ್ ಬಿಟ್ಟದ್ದರ ನಿಜವಾದ ನಷ್ಟ ಹಣವಲ್ಲ, ಈ ಅಭ್ಯಾಸ.

ಎಎಂಡಿ 2009ರಲ್ಲಿ ಮಾಡಿದಂತೆ ಇಂಟೆಲ್ ಕೂಡ ಕಾರ್ಖಾನೆಗಳನ್ನು ಬೇರೆ ಮಾಡಲಿ ಎನ್ನುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಅತ್ಯಾಧುನಿಕ ಚಿಪ್‌ಗೆ ಜಗತ್ತೆಲ್ಲ ತೈವಾನ್, ಕೊರಿಯಾಗಳ ಬಾಗಿಲಲ್ಲೇ ನಿಲ್ಲುವುದು ಯಾರಿಗೂ ಒಳ್ಳೆಯದಲ್ಲ. 2025ರ ಆಗಸ್ಟ್‌ನಲ್ಲಿ ಅಮೆರಿಕ ಸರ್ಕಾರವೇ ಶೇ 10ರಷ್ಟು ಪಾಲು ಪಡೆಯಿತು. ಆದರೆ ಸರ್ಕಾರ ಬಂದ ಮಾತ್ರಕ್ಕೆ ಕೆಟ್ಟ ಚಿಪ್ ಒಳ್ಳೆಯದಾಗುವುದಿಲ್ಲ. ಬೇಕಿರುವುದು ಗಿರಾಕಿಗಳು.

ಈ ಸುದ್ದಿಗಳನ್ನೆಲ್ಲ ಓದಿ ಅಪ್ಪ ಕೇಳಿದ್ದು, "ಅಷ್ಟು ದೊಡ್ಡ ಕಂಪನೀನೇ ಹಿಂಗಾದ್ರೆ, ನೀನ್ಯಾಕೋ ಚಿಪ್ಪು ಗಿಪ್ಪು ಅಂತ ಕೂತಿದೀಯ? ಸಾಫ್ಟ್‌ವೇರ್ ಕಲಿ." ಅಮೆರಿಕ ಬಿಟ್ಟರೆ ಇಂಟೆಲ್‌ನ ಅತಿ ದೊಡ್ಡ ವಿನ್ಯಾಸ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲೇ. ಎಎಂಡಿ ಕೂಡ 2023ರಲ್ಲಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು ಇಲ್ಲೇ ತೆರೆಯಿತು. ಇಂಟೆಲ್ ಕಳೆದುಕೊಂಡ ಗಿರಾಕಿಗಳ ಚಿಪ್‌ಗಳನ್ನೂ ಯಾರಾದರೂ ವಿನ್ಯಾಸ ಮಾಡಲೇಬೇಕಲ್ಲ? ಮುಂದಿನ ಸೆಮಿಸ್ಟರ್‌ಗೆ ವಿಎಲ್‌ಎಸ್‌ಐ ವಿಷಯಕ್ಕೇ ಟಿಕ್ ಹಾಕಿದ್ದೇನೆ. ಅಪ್ಪ ಇನ್ನೂ ಒಪ್ಪಿಲ್ಲ.