ಕಂಸದ ಸೆರೆಯಲ್ಲಿ ಮೊಸರು

2023ರ ಮಾರ್ಚ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಕೆಎಂಎಫ್‌ಗೆ ಒಂದು ಸೂಚನೆ ಕೊಟ್ಟಿತ್ತು: ನಂದಿನಿ ಮೊಸರಿನ ಪ್ಯಾಕೆಟ್ ಮೇಲೆ ‘ದಹಿ’ ಎಂದು ಎದ್ದು ಕಾಣುವಂತೆ ಅಚ್ಚು ಹಾಕಿ, ‘ಮೊಸರು’ ಎಂಬುದನ್ನು ಕಂಸದೊಳಗೆ ಇಟ್ಟುಕೊಳ್ಳಿ. ಇಲ್ಲೂ ಗಲಾಟೆಯಾಯಿತು, ತಮಿಳುನಾಡಿನಲ್ಲೂ ಆಯಿತು. ಅದೇ ತಿಂಗಳ 30ರಂದು ಪ್ರಾಧಿಕಾರ ಹಿಂದೆ ಸರಿಯಿತು. ಗೆದ್ದೆವು ಎಂದು ಬೀಗಿದೆವು. ಗೆದ್ದದ್ದೇನು? ಹೊಸ ಆದೇಶದಲ್ಲಿ ‘ದಹಿ’ ಇದ್ದ ಜಾಗಕ್ಕೆ ‘ಕರ್ಡ್’ ಬಂತು, ಮೊಸರು ಕಂಸದಲ್ಲೇ ಉಳಿಯಿತು. ಮೊಸರು ಕದ್ದ ಹುಡುಗ ಕಂಸನನ್ನು ಕೊಂದ ಕಥೆ ಕೇಳಿ ಬೆಳೆದವರು ನಾವು!

ಹೋಗಲಿ, ಮೊಸರನ್ನು ಏನೆಂದು ಕರೆದರೂ ಪ್ಯಾಕೆಟ್ ಕೈಗೆತ್ತಿಕೊಂಡರೆ ಮೊಸರೆಂದು ತಿಳಿಯುತ್ತದೆ. ತಿಳಿಯದೆ ಉಳಿಯುವುದು ಪ್ಯಾಕೆಟ್‌ನ ಬೆನ್ನ ಮೇಲಿರುವ ಸಂಗತಿ. ಒಳಗೆ ಏನೇನು ಹಾಕಿದ್ದಾರೆ, ಎಷ್ಟು ಸಕ್ಕರೆ, ಶೇಂಗಾ ಸೇರಿದೆಯೇ, ಯಾವ ತಾರೀಖಿನೊಳಗೆ ಬಳಸಬೇಕು. ಯಾವುದೇ ಕಿರಾಣಿ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತರೆ ಒಬ್ಬರಾದರೂ ‘ಡೇಟ್ ಬಾರ್ ಆಗಿದೆಯಾ ನೋಡಪ್ಪಾ’ ಎಂದು ಅಂಗಡಿಯವನ ಕೈಗೇ ಪ್ಯಾಕೆಟ್ ಕೊಡುತ್ತಾರೆ. ಅವರೇನು ಅನಕ್ಷರಸ್ಥರಲ್ಲ. ದಿನಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವರು. ಆದರೆ ಪ್ಯಾಕೆಟ್ ಮೇಲೆ ಕನ್ನಡವಿಲ್ಲದ ಕಾರಣ ಮಾರುವವನು ಹೇಳಿದ್ದನ್ನೇ ನಂಬಿ ಕೊಳ್ಳಬೇಕು.

ಇದು ಕಂಪನಿಗಳ ಉದಾಸೀನವಷ್ಟೇ ಅಲ್ಲ, ಕಾನೂನು ಕೊಟ್ಟ ಸಲಿಗೆ. ಪ್ಯಾಕೆಟ್ ಸರಕುಗಳ 2011ರ ಕಾನೂನು ಮಾಪನ ನಿಯಮಗಳ ಪ್ರಕಾರ ಬೆಲೆ, ತೂಕ, ತಯಾರಕರ ವಿಳಾಸ ಎಲ್ಲವೂ ದೇವನಾಗರಿಯ ಹಿಂದಿಯಲ್ಲಿ ಇಲ್ಲವೇ ಇಂಗ್ಲಿಷಿನಲ್ಲಿ ಇದ್ದರೆ ಸಾಕು. ಉಳಿದ ಭಾಷೆಗಳನ್ನು ಹೆಚ್ಚುವರಿಯಾಗಿ ಬಳಸಲು ಅಡ್ಡಿಯಿಲ್ಲವಂತೆ. ಆಹಾರದ ಲೇಬಲ್‌ಗಳ 2020ರ ನಿಯಮದ್ದೂ ಇದೇ ರಾಗ. ಇತ್ತ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಸರಕಿನ ಗುಣಮಟ್ಟ, ಪ್ರಮಾಣ, ಶುದ್ಧತೆ, ಬೆಲೆಗಳನ್ನು ತಿಳಿದುಕೊಳ್ಳುವುದು ಗ್ರಾಹಕರ ಹಕ್ಕು ಎನ್ನುತ್ತದೆ. ಯಾವ ಗ್ರಾಹಕರ ಹಕ್ಕು?

ಓಆರ್‌ಎಸ್ ಪ್ರಕರಣವನ್ನೇ ನೋಡಿ. ವಾಂತಿಭೇದಿಯಾದ ಮಗುವಿಗೆ ಕೊಡುವ ದ್ರಾವಣದಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಇರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ. ಅದರ ಹಲವು ಪಟ್ಟು ಸಕ್ಕರೆ ತುಂಬಿದ ಪಾನೀಯಗಳು ಹೆಸರಿನೊಳಗೆ ‘ಓಆರ್‌ಎಸ್’ ಸೇರಿಸಿಕೊಂಡು ಔಷಧಿ ಅಂಗಡಿಗಳಲ್ಲೇ ಮಾರಾಟವಾದವು. ಸಕ್ಕರೆ ಹೆಚ್ಚಾದರೆ ಭೇದಿ ಇನ್ನಷ್ಟು ಬಿಗಡಾಯಿಸುತ್ತದೆ. 2022ರಲ್ಲಿ ಪ್ರಾಧಿಕಾರ ಹುಡುಕಿದ ಪರಿಹಾರವೆಂದರೆ, ‘ಇದು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಓಆರ್‌ಎಸ್ ಅಲ್ಲ’ ಎಂಬ ಸಾಲನ್ನು ಡಬ್ಬದ ಮೇಲೆ ಮುದ್ರಿಸಿದರೆ ಆ ಹೆಸರನ್ನೇ ಇಟ್ಟುಕೊಳ್ಳಬಹುದು ಎಂಬುದು. ಆ ಸಾಲು ಇಂಗ್ಲಿಷಿನಲ್ಲಿದ್ದರೂ ಕಾನೂನಿಗೆ ತೃಪ್ತಿ. ಓಆರ್‌ಎಸ್ ಎಂಬ ಮೂರಕ್ಷರವನ್ನು ಆಶಾ ಕಾರ್ಯಕರ್ತೆಯ ಬಾಯಲ್ಲಿ ಕೇಳಿ ಕಲಿತ ತಾಯಿ, ರಾತ್ರಿ ಹನ್ನೊಂದಕ್ಕೆ ಅಳುವ ಮಗುವನ್ನು ಹೆಗಲಿಗೆ ಹಾಕಿಕೊಂಡು ಆ ಸಾಲನ್ನು ಹೇಗೆ ಓದಿಯಾಳು? ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ, 2025ರ ಅಕ್ಟೋಬರ್‌ನಲ್ಲಿ ಆ ಹೆಸರಿಗೇ ತಡೆ ಬಿತ್ತು.

ಇಪ್ಪತ್ತೆರಡು ಭಾಷೆಗಳನ್ನು ಒಂದು ಪ್ಯಾಕೆಟ್ ಮೇಲೆ ತುಂಬುವುದು ಹೇಗೆ ಎಂದು ಉದ್ಯಮಿಗಳು ಕೇಳುತ್ತಾರೆ. ಇಪ್ಪತ್ತೆರಡನ್ನು ಕೇಳಿದವರು ಯಾರು? ಮಾರುವ ಊರಿನದೊಂದು ಸಾಕು. 24 ಅಧಿಕೃತ ಭಾಷೆಗಳ ಯುರೋಪಿಯನ್ ಒಕ್ಕೂಟದಲ್ಲಿ, ಎಲ್ಲಿ ಮಾರುತ್ತಾರೋ ಅಲ್ಲಿನ ಗ್ರಾಹಕರಿಗೆ ಸುಲಭವಾಗಿ ತಿಳಿಯುವ ಭಾಷೆಯಲ್ಲೇ ಆಹಾರದ ಮಾಹಿತಿ ಇರಬೇಕು. ಅಷ್ಟು ದೂರವೇಕೆ, ನಮ್ಮದೇ ಕೀಟನಾಶಕಗಳ 1971ರ ನಿಯಮಗಳು ಡಬ್ಬದ ಮೇಲಿನ ಲೇಬಲ್‌ನಲ್ಲೂ ಒಳಗಿನ ಚೀಟಿಯಲ್ಲೂ ಹಿಂದಿ, ಇಂಗ್ಲಿಷ್ ಜೊತೆಗೆ ಆ ಪ್ರದೇಶದ ಒಂದೆರಡು ಭಾಷೆಗಳಿರಬೇಕು ಎನ್ನುತ್ತವೆ. ಬೆಳೆಗೆ ಹೊಡೆಯುವ ಔಷಧಿಯ ವಿವರ ರೈತನಿಗೆ ಅವನ ಭಾಷೆಯಲ್ಲಿ ತಿಳಿಯಬೇಕು, ಅವನ ಮಗು ಕುಡಿಯುವುದರ ವಿವರ ಬೇಡ! ಇನ್ನು ಜಾಗವಿಲ್ಲವೆಂಬ ಮಾತು ಬರೀ ನೆಪ. ಜಾಹೀರಾತಿನಲ್ಲಿ ಅಜ್ಜಿಯ ಬಾಯಿಂದ ಅಚ್ಚಗನ್ನಡ ಆಡಿಸುವ ಕಂಪನಿಗೆ, ಸರಕು ಕೈಗೆ ಬರುವ ಹೊತ್ತಿಗೆ ಕನ್ನಡ ಮರೆತುಹೋಗುತ್ತದೆ.

ನಮ್ಮ ರಾಜ್ಯ ಸರ್ಕಾರವೂ ಕೈಕಟ್ಟಿ ಕೂತಿಲ್ಲ, ನಿಜ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯಲ್ಲಿ ಸರಕಿನ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕು ಎಂದಿದೆ. ಆದರೆ ಅದು ಕರ್ನಾಟಕದಲ್ಲೇ ತಯಾರಾದ ಸರಕಿಗೆ ಮಾತ್ರ. ಗಡಿಯಾಚೆಯಿಂದ ಬರುವ ಬಿಸ್ಕತ್ತಿಗೆ ಅದು ತಾಗದು. ಅಂಗಡಿ ಬೋರ್ಡಿನಲ್ಲಿ ಶೇ 60 ಕನ್ನಡ ಇರಲೆಂದು ಬೀದಿಗಿಳಿದ ನಾವು, ಅಂಗಡಿಯೊಳಗಿನ ಕಪಾಟಿನ ಕಡೆ ಕಣ್ಣು ಹಾಯಿಸಲಿಲ್ಲ. ಬೋರ್ಡು ನೋಡಿ ಯಾರಿಗೂ ಅಲರ್ಜಿಯಾಗುವುದಿಲ್ಲ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ದೂರು ಹೇಳಬಹುದು, ಅಲ್ಲಿ ಒಟ್ಟು 17 ಭಾಷೆಗಳ ಸೌಲಭ್ಯವಿದೆ. ಮೋಸಹೋದ ಮೇಲೆ ಸಿಗುವ ಕನ್ನಡ ಕೊಳ್ಳುವಾಗಲೂ ಸಿಗಬೇಕಾದರೆ ಮೊದಲು ತಿದ್ದಬೇಕಿರುವುದು 2011ರ ನಿಯಮಗಳ ಒಂದು ಉಪನಿಯಮ. ಹಿಂದಿ ಅಥವಾ ಇಂಗ್ಲಿಷ್ ಎಂಬಲ್ಲಿ ‘ಹಾಗೂ ಮಾರಾಟವಾಗುವ ರಾಜ್ಯದ ಭಾಷೆ’ ಎಂದು ಸೇರಿಸಬೇಕು. ಅದಕ್ಕೆ ಸಂಸತ್ತಿನಲ್ಲಿ ಹೊಸ ಕಾಯ್ದೆ ಬೇಕಿಲ್ಲ, ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವಾಲಯದ ಅಧಿಸೂಚನೆ ಸಾಕು. 2024ರ ಜೂನ್‌ನಲ್ಲಿ ಆ ಖಾತೆ ವಹಿಸಿಕೊಂಡವರು ಧಾರವಾಡದ ಸಂಸದ ಪ್ರಲ್ಹಾದ ಜೋಶಿ.